ಬೆರಳು ತೊಳೆದ ನೀರು

ಇನ್ನಾಸಪ್ಪ ಮೇಷ್ಟ್ರು ತರಬೇತಿಗೆ ಸೇರಿದ್ದು ಫಾದರ್ ಬೆಂಜಮಿನ್ ಅವರ ಒತ್ತಾಯದಿಂದ ಎಂದು ಊರಿನಲ್ಲಿ ಹೇಳುತ್ತಿದ್ದರು. ನಿಜದಲ್ಲಿ ಅವರೇ ಹೋಗಿ ಕೇಳಿಕೊಂಡಿದ್ದರು.

ಸಂತಪಾಳ್ಯ ದೊಡ್ಡಬಳ್ಳಾಪುರದಿಂದ ತೂಬಗೆರೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಊರು. ಚರ್ಚಿನ ಸುತ್ತ ಮೇಲಿನ ಬೀದಿ, ಕೆರೆಯ ಏರಿ ದಾಟಿದರೆ ಕೆಳಗಿನ ಪಾಳ್ಯ. ಎರಡೂ ಕಡೆಯವರು ಮೂರು ನಾಲ್ಕು ತಲೆಮಾರಿನಿಂದ ಕ್ರೈಸ್ತರೇ. ಮೇಲಿನ ಬೀದಿಯವರ ಹಿರಿಯರು ಜಮೀನಿದ್ದ ಒಕ್ಕಲುಗಳು, ಕೆಳಗಿನ ಪಾಳ್ಯದವರ ಹಿರಿಯರು ಆ ಜಮೀನಿನಲ್ಲಿ ದುಡಿದವರು. ಹಿಂದೆ ಚರ್ಚಿನಲ್ಲೂ ಎರಡು ಬದಿ ಇತ್ತಂತೆ. ಈಗ ಎಲ್ಲರೂ ಒಂದೇ ಜಮಖಾನದ ಮೇಲೆ ಕೂರುತ್ತಿದ್ದರು. ತೂಬಗೆರೆಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಮೇಷ್ಟ್ರಿಗೆ ಈ ಒಂದು ಜಮಖಾನದ ಬಗ್ಗೆ ಹೆಮ್ಮೆಯಿತ್ತು. ಬೇರೆ ಧರ್ಮದ ಸಹೋದ್ಯೋಗಿಗಳ ಮುಂದೆ ಅದನ್ನು ಹೇಳಿಕೊಳ್ಳುತ್ತಿದ್ದರು.

ಎದ್ದು ಚರ್ಚಿಗೆ ಬರಲಾಗದ ರೋಗಿಗಳ ಮನೆಗೆ ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ ಬಿಲ್ಲೆಯನ್ನು, ಒಯ್ಯುವ ಕೆಲಸ ಅದುವರೆಗೆ ಪಾದ್ರಿಗಳದ್ದು. ಒಬ್ಬ ಪಾದ್ರಿಗೆ ಐದಾರು ಹಳ್ಳಿ. ಹಬ್ಬಕ್ಕೊಮ್ಮೆ ಬಂದರೆ ಹೆಚ್ಚು. ತೊಂಬತ್ತರ ದಶಕದ ಶುರುವಿನಲ್ಲಿ, ಸಂಸಾರಸ್ಥರೂ ಈ ಸೇವೆ ಮಾಡಬಹುದು, ಆದರೆ ಯಾರೆಂದರೆ ಅವರಲ್ಲ ಎಂಬ ತೀರ್ಮಾನ ಬೆಂಗಳೂರಿನ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಕಚೇರಿಯಿಂದ ಬಂತು. ಶನಿವಾರಗಳಂದು ತರಗತಿ, ಕೊನೆಗೆ ಲಿಖಿತ ಪರೀಕ್ಷೆ, ಆಮೇಲೆ ಪರೀಕ್ಷಕರ ಕಣ್ಣೆದುರಿಗೆ ರೋಗಿಗಳ ಭೇಟಿ. ಎಲ್ಲವೂ ಮುಗಿದ ಮೇಲೆ, ಭೇಟಿ ಕೊಟ್ಟ ಮನೆಗಳಲ್ಲಿ ಒಂದು ಮನೆಯವರು ಭಾನುವಾರದ ಪೂಜೆಯಲ್ಲಿ ಎದ್ದು ನಿಂತು ಅಭ್ಯರ್ಥಿಯ ಪರವಾಗಿ ಒಪ್ಪಿಗೆಯ ಮಾತು ಹೇಳಬೇಕು. ಅದಾದರೆ ಪ್ರಮಾಣಪತ್ರ, ಅಂಗಿಗೆ ಚುಚ್ಚಿಕೊಳ್ಳಲು ಒಂದು ಸಣ್ಣ ಶಿಲುಬೆ.

ಆ ಶಿಲುಬೆ ಮೇಷ್ಟ್ರಿಗೆ ಬೇಕಿತ್ತು. ಬೇಕೆಂಬುದನ್ನು ತಮಗೆ ತಾವೇ ಒಪ್ಪಿಕೊಳ್ಳಲು ನಾಚಿಕೆಯಾಗುವಷ್ಟು ಬೇಕಿತ್ತು.

ಸಂತಪಾಳ್ಯದಿಂದ ತರಬೇತಿಗೆ ಹೋಗುತ್ತಿದ್ದವರು ಇಬ್ಬರೇ. ಇನ್ನೊಬ್ಬ ಅಂತೋಣಪ್ಪ, ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಇಟ್ಟಿದ್ದವನು. ಮಗ್ಗಗಳ ನಡುವೆ ಕೂಗಿ ಕೂಗಿ ಬಸ್ಸಿನಲ್ಲೂ ಕೂಗಿಯೇ ಮಾತಾಡುತ್ತಿದ್ದ.

"ಮೇಷ್ಟ್ರೇ, ನೀವು ಓದಿದ್ದು ನಂಗೂ ಸ್ವಲ್ಪ ಹೇಳ್ಕೊಡಿ. ನಾನು ಫೇಲಾದ್ರೆ ನನ್ನ ಹೆಂಡ್ತಿ ಮನೆಗೆ ಸೇರ್ಸಲ್ಲ. ಆಗ್ಲೇ ಊರಿಗೆಲ್ಲಾ ಹೇಳ್ಬಿಟ್ಟವ್ಳೆ, ನಮ್ಮೆಜಮಾನ್ರು ಅರ್ಧ ಪಾದ್ರಿ ಆಗ್ತಾವ್ರೆ ಅಂತ."

"ಮೊದ್ಲು ನೀವು ಮೆಲ್ಲಗೆ ಮಾತಾಡೋದು ಕಲೀರಿ. ರೋಗಿ ಹೆದ್ರುಕೊಂಡಾನು."

ಲಿಖಿತ ಪರೀಕ್ಷೆಯಲ್ಲಿ ಮೇಷ್ಟ್ರೇ ಎಲ್ಲರಿಗಿಂತ ಮುಂದಿದ್ದರು. ಭೇಟಿಗಳನ್ನು ನೋಡಲು ಬಂದವರು ಮಂಗಳೂರು ಕಡೆಯ ಸಿಸ್ಟರ್ ಫಿಲೋಮಿನ. ಮಾತಿನಲ್ಲಿ ಮೃದು, ಕೆಲಸದಲ್ಲಿ ಬಿಗಿ.

ತರಬೇತಿಯ ತಾತ್ಕಾಲಿಕ ಅನುಮತಿಯ ಮೇಲೆ ಮೇಷ್ಟ್ರು ತಿಂಗಳುಗಳಿಂದ ಶುಕ್ರವಾರ ಶಾಲೆ ಬಿಟ್ಟ ಮೇಲೆ ಹೋಗುತ್ತಿದ್ದುದು ಕೆಳಗಿನ ಪಾಳ್ಯದ ಜ್ಞಾನಮ್ಮನ ಮನೆಗೆ. ಜ್ಞಾನಮ್ಮನಿಗೆ ಲಕ್ವ ಹೊಡೆದು ಎಡಗಡೆ ಸ್ವಾಧೀನವಿರಲಿಲ್ಲ. ನೋಡಿಕೊಳ್ಳುತ್ತಿದ್ದವಳು ಸೊಸೆ ಆರೋಗ್ಯಮ್ಮ. ಬೆಳಿಗ್ಗೆ ದ್ರಾಕ್ಷಿ ತೋಟಕ್ಕೆ ಕೆಲಸಕ್ಕೆ ಹೋಗಿ, ಶುಕ್ರವಾರ ಮಾತ್ರ ಬೇಗ ಬಂದು, ಮನೆ ಸಾರಿಸಿ, ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಮೇಣದ ಬತ್ತಿ ಹಚ್ಚಿ, ಬೆಳ್ಳಿಯಂತೆ ತಿಕ್ಕಿದ ಸ್ಟೀಲ್ ಲೋಟದಲ್ಲಿ ನೀರಿಟ್ಟು ಕಾಯುತ್ತಿದ್ದಳು.

ಆ ನೀರಿಗೆ ಒಂದು ಕೆಲಸವಿತ್ತು. ಪ್ರಸಾದ ಕೊಟ್ಟ ಬೆರಳುಗಳಲ್ಲಿ ಅದರ ಕಣ ಉಳಿದಿರಬಹುದು. ಆದ್ದರಿಂದ ಪ್ರಾರ್ಥನೆಯಾದ ಮೇಲೆ ಬೆರಳ ತುದಿಯನ್ನು ನೀರಿನಲ್ಲಿ ಅದ್ದಿ ತೊಳೆಯಬೇಕು. ತೊಳೆದ ನೀರನ್ನು ಕೊಟ್ಟವರೇ ಕುಡಿಯಬೇಕು, ಇಲ್ಲವೇ ಯಾರೂ ತುಳಿಯದ ಶುದ್ಧ ಮಣ್ಣಿಗೆ ಸುರಿಯಬೇಕು. ಎರಡೂ ಸರಿ ಎಂದು ತರಗತಿಯಲ್ಲಿ ಹೇಳಿದ್ದರು. ಮೇಷ್ಟ್ರು ಮೊದಲ ವಾರದಿಂದಲೂ ಹೊರಗೆ ಹೋಗಿ ದಾಸವಾಳದ ಗಿಡದ ಬುಡಕ್ಕೆ ಸುರಿಯುತ್ತಿದ್ದರು. ಕಾಯಿಸದ ನೀರು, ಸುತ್ತಲೂ ತಿಪ್ಪೆ, ಆಮಶಂಕೆ ಕಾಲರಾಗಳ ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣುವುದಿಲ್ಲ. ಅವರು ಇದನ್ನು ಮಕ್ಕಳಿಗೆ ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ಕಲಿಸಿದವರು.

ಸಿಸ್ಟರ್ ಬಂದ ಶುಕ್ರವಾರವೂ ಹಾಗೆಯೇ ಮಾಡಿದರು. ಲೋಟವನ್ನು ಎದೆಮಟ್ಟಕ್ಕೆ ಎತ್ತಿ, ಮಣಿಕಟ್ಟನ್ನು ಸ್ವಲ್ಪವೇ ಬಾಗಿಸಿದರು. ನೀರು ದಾರದಂತೆ ಇಳಿಯಿತು. ಒಂದು ಹನಿಯೂ ಸಿಡಿಯಲಿಲ್ಲ.

"ಎಷ್ಟು ಚಂದ ಮಾಡಿದ್ರಿ ಮೇಷ್ಟ್ರೇ! ಇಷ್ಟು ಭಕ್ತಿಯಿಂದ ಸುರಿದದ್ದನ್ನು ನಾನು ಎಲ್ಲಿಯೂ ನೋಡಲಿಲ್ಲ. ಎಲ್ಲಿ ಕಲಿತದ್ದು?"

"ಲ್ಯಾಬಿನ ಅಭ್ಯಾಸ ಸಿಸ್ಟರ್. ಆಸಿಡ್ ಸುರಿದು ಸುರಿದು ಕೈಗೆ ಬಂದಿದೆ."

ಬಾಗಿಲಿಗೆ ನೇರವಾಗಿದ್ದ ಮಂಚದಿಂದ ಜ್ಞಾನಮ್ಮ ಅರ್ಧ ಬಾಯಿಯಲ್ಲಿ ನಕ್ಕಳು. ಅವಳ ಮಾತು ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು.

"ಲ್ಯಾಬು ಅಲ್ಲ ಕಣವ್ವ, ಅದು ಅವ್ರಜ್ಜಿ ಕೈ. ಥೇಟು ಅವ್ರಜ್ಜೀದೆ. ಕಣದಲ್ಲಿ ನಾವು ಬೊಗಸೆ ಒಡ್ಡುದ್ರೆ ಆ ಯಮ್ಮ ಹಂಗೇ ಮೇಲಿಂದ ಸುರಿಯೋರು. ಮೈಗೆ ಒಂದು ಹನಿ ಬೀಳ್ತಿರ್ಲಿಲ್ಲ. ಈ ಮೇಷ್ಟ್ರೂ ಸುರಿದವ್ರೆ, ಚಿಕ್ಕ ಹುಡುಗ ಆಗಿದ್ದಾಗ. ಜ್ಞಾಪಕ ಐತಾ?"

ಅವಳ ದನಿಯಲ್ಲಿ ಕೊಂಕಿರಲಿಲ್ಲ. ದೊಡ್ಡ ಮನೆಯವರ ಗುಣ ಹೊಗಳುವಂತೆಯೇ ಹೇಳಿದ್ದಳು. ಸಿಸ್ಟರ್ ಅದನ್ನು ಅಜ್ಜಿಯಿಂದ ಮೊಮ್ಮಗನಿಗೆ ಬಂದ ಕೈಗುಣ ಎಂದಷ್ಟೇ ತಿಳಿದು ಸಂತೋಷಪಟ್ಟರು. ಮೇಷ್ಟ್ರು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಆರೋಗ್ಯಮ್ಮನ ಕೈಗೆ ಕೊಡಬಹುದಿತ್ತು. ಅವಳು ಕೈ ಚಾಚಿಕೊಂಡೇ ನಿಂತಿದ್ದಳು. ಅದು ಅವರಿಗೆ ಕಂಡದ್ದು ಲೋಟ ಇಟ್ಟ ಮೇಲೆ.

ಅದೇ ಸಂಜೆ ಮೇಷ್ಟ್ರು ಮೇಲಿನ ಬೀದಿಯಲ್ಲಿ ಅಂತೋಣಪ್ಪನ ಚಿಕ್ಕಮ್ಮನ ಮನೆಗೂ ಹೋದರು. ಆಕೆಗೆ ಸೊಂಟ ಮುರಿದಿತ್ತು. ಪ್ರಾರ್ಥನೆಯಾಯಿತು, ಬೆರಳು ತೊಳೆದರು, ಕುಡಿದರು. ಕುಡಿದದ್ದು ಅವರ ಗಮನಕ್ಕೇ ಬರಲಿಲ್ಲ. ಮನೆಗೆ ಬಂದು ಶಾಲೆಯ ಪ್ರಶ್ನೆಪತ್ರಿಕೆ ಬರೆಯಲು ಕೂತಾಗ ಬಂತು. 'ಒಂದು ಪ್ರಯೋಗದಲ್ಲಿ ಬೇರೆಲ್ಲವನ್ನೂ ಸಮವಾಗಿಟ್ಟು ಒಂದನ್ನು ಮಾತ್ರ ಬದಲಿಸಬೇಕು, ಏಕೆ?' ಎಂದು ಬರೆದು ಪೆನ್ನನ್ನು ಕೆಳಗಿಟ್ಟರು.

ಊರಿಗೆಲ್ಲ ಒಂದೇ ಟ್ಯಾಂಕು. ಹಿಂದಿನ ವರ್ಷ ಬೋರ್‌ವೆಲ್ ಕೊರೆಸಿ, ಏರಿಯ ಮೇಲೆ ಟ್ಯಾಂಕು ಕಟ್ಟಿ, ಎರಡೂ ಕಡೆಗೆ ಒಂದೇ ಪೈಪಿನಲ್ಲಿ ನೀರು ಬಿಟ್ಟಿದ್ದರು. ಅದರ ಉದ್ಘಾಟನೆಯ ದಿನ ಶುದ್ಧ ನೀರಿನ ಬಗ್ಗೆ ಭಾಷಣ ಮಾಡಿದವರು ಇನ್ನಾಸಪ್ಪ ಮೇಷ್ಟ್ರೇ. ಅಂತೋಣಪ್ಪನ ಚಿಕ್ಕಮ್ಮ ನೀರು ಕಾಯಿಸುವವಳಲ್ಲ. ಅವಳ ಲೋಟದ ಅಂಚಿನಲ್ಲಿ ಕಾಫಿಯ ಕರೆ ಕೂಡ ಇತ್ತು. ಎರಡು ಮನೆಗಳ ನಡುವೆ ಬದಲಾದದ್ದು ಒಂದೇ. ಅದೇನೆಂದು ಬರೆಯಲು ಅವರಿಗೆ ಪೆನ್ನು ಬೇಕಾಗಲಿಲ್ಲ. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ತಲೆ ಎತ್ತಿ ಬಾಗಿಲ ಕಡೆ ನೋಡಿದರು.

ಮುಂದಿನ ಶುಕ್ರವಾರ ಕುಡಿಯುವುದು ಎಂದು ನಿಶ್ಚಯಿಸಿದರು. ಸದ್ದಿಲ್ಲದೆ, ಯಾರಿಗೂ ಏನೂ ಹೇಳದೆ. ಮುಗಿಯಿತು ಎನ್ನಿಸಿತು.

ಆದರೆ ನಡುವೆ ಶನಿವಾರದ ತರಗತಿಯಿತ್ತು. ಸಿಸ್ಟರ್ ಫಿಲೋಮಿನ ಎಲ್ಲ ಊರಿನ ಅಭ್ಯರ್ಥಿಗಳ ಮುಂದೆ ಮೇಷ್ಟ್ರನ್ನು ಕರೆದರು. ಮೇಜಿನ ಮೇಲೆ ಲೋಟ, ಕೆಳಗೆ ಕ್ರೋಟನ್ ಗಿಡದ ಕುಂಡ.

"ಕುಡಿಯುವಾಗ ಕೆಲವರು ಗಟಗಟ ಕುಡಿಯುತ್ತೀರಿ, ಬಾಯಿ ಒರೆಸುತ್ತೀರಿ, ಅದು ನೋಡಲು ಸರಿಯಲ್ಲ. ಇನ್ನು ಮುಂದೆ ನಮ್ಮ ತಂಡದಲ್ಲಿ ಎಲ್ಲರೂ ಸುರಿಯುವುದನ್ನೇ ಅಭ್ಯಾಸ ಮಾಡುವ. ಮೇಷ್ಟ್ರೇ, ನೀವು ಮಾಡುವ ಹಾಗೆ ಒಮ್ಮೆ ತೋರಿಸಿ."

ಮೇಷ್ಟ್ರು ಕೈಯನ್ನು ಬೇಕೆಂದೇ ಒರಟು ಮಾಡಲು ನೋಡಿದರು. ಕೈ ಕೇಳಲಿಲ್ಲ. ನೀರು ದಾರದಂತೆಯೇ ಇಳಿಯಿತು. ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಬಂದು ಅದೇ ಮಟ್ಟಕ್ಕೆ ಲೋಟ ಎತ್ತಿ, ಅದೇ ಕೋನದಲ್ಲಿ ಮಣಿಕಟ್ಟು ಬಾಗಿಸಿ ಸುರಿದರು. ಮೇಷ್ಟ್ರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ತಮ್ಮ ಅಜ್ಜಿ ಆ ಸಭಾಂಗಣದಲ್ಲಿ ಸಾಲಾಗಿ ನಿಂತಂತೆ ಕಂಡಿತು.

"ನಂದೇ ಅತ್ಲಾಗೆ ಇತ್ಲಾಗೆ ಸಿಡೀತು," ಎಂದ ಅಂತೋಣಪ್ಪ ವಾಪಸು ಬರುವಾಗ ಬಸ್ಸಿನಲ್ಲಿ. "ಈ ವಾರ ಕೆಳಗಿನ ಪಾಳ್ಯದಲ್ಲಿ ನಾಕು ಮನೆ ಐತೆ ನಂಗೆ. ಅಲ್ಲೇ ಪ್ರಾಕ್ಟೀಸ್ ಮಾಡ್ಕೊಂಬುಡ್ತೀನಿ. ಒಂದ್ ಲೆಕ್ಕಕ್ಕೆ ಒಳ್ಳೇದೇ ಆಯ್ತು ಗುರುವೇ. ನಂಗೂ ಅವ್ರ ಮನೇಲಿ ಕುಡಿಯೋದು ಒಂಥರಾ ಆಗ್ತಿತ್ತು. ಈಗ ರೂಲ್ಸೇ ಬಂತಲ್ಲ."

ಮೇಷ್ಟ್ರು ಕಿಟಕಿಯಾಚೆ ನೋಡಿದರು. ಹಾಗೆ ಹೇಳುವುದು ತಪ್ಪು ಎಂದು ಅಂತೋಣಪ್ಪನಿಗೆ ಹೇಳಬೇಕಿತ್ತು. ಯಾವ ಬಾಯಿಂದ?

ಶುಕ್ರವಾರ ಅವರು ಕೆಳಗಿನ ಪಾಳ್ಯಕ್ಕೆ ಹೋದಾಗ ಮನೆ ಎಂದಿನಂತೆ ಸಾರಿಸಿತ್ತು. ಬಿಳಿ ಬಟ್ಟೆ, ಮೇಣದ ಬತ್ತಿ ಇದ್ದವು. ಲೋಟವಿರಲಿಲ್ಲ. ಅದರ ಜಾಗದಲ್ಲಿ ನುಣ್ಣಗೆ ಹೆರೆದು ತೊಳೆದ ತೆಂಗಿನ ಚಿಪ್ಪಿನಲ್ಲಿ ನೀರಿತ್ತು.

ಪ್ರಾರ್ಥನೆಯ ಮಾತುಗಳು ಅವರ ಬಾಯಿಗೆ ಬಂದದ್ದು ರೂಢಿಯಿಂದ ಮಾತ್ರ. ಕಣ್ಣು ಚಿಪ್ಪಿನ ಮೇಲೇ ಇತ್ತು. ಅಜ್ಜಿಯ ಮನೆಯ ಹಿತ್ತಿಲ ಗೋಡೆಯಲ್ಲಿ ಒಂದು ಗೂಡಿತ್ತು. ಅದರಲ್ಲಿ ಕವುಚಿಟ್ಟ ಚಿಪ್ಪುಗಳಿರುತ್ತಿದ್ದವು. ಆಳುಗಳು ಬಂದು ತಾವೇ ತೆಗೆದುಕೊಂಡು, ಕಾಫಿ ಹಾಕಿಸಿಕೊಂಡು, ಕುಡಿದು ತೊಳೆದು ಮತ್ತೆ ಅಲ್ಲೇ ಇಡುತ್ತಿದ್ದರು. ಈ ಜ್ಞಾನಮ್ಮನೂ ಇಟ್ಟಿರಬೇಕು.

ಬೆರಳು ತೊಳೆದ ಮೇಲೆ ಕೇಳಿದರು, "ಲೋಟ ಎಲ್ಲಿ ಆರೋಗ್ಯಮ್ಮ?"

"ಐತೆ ಮೇಷ್ಟ್ರೇ, ಒಳಗೈತೆ. ಅಂತೋಣಪ್ಪೋರು ಹೇಳುದ್ರು, ಇನ್ನು ಎಲ್ರೂ ಚೆಲ್ಲೋದೇ, ಬೆಂಗ್ಳೂರಿಂದ ರೂಲ್ಸ್ ಬಂದೈತೆ ಅಂತ. ಚೆಲ್ಲೋಕೆ ಒಳ್ಳೆ ಲೋಟ ಯಾಕೆ? ಚಿಪ್ಪಾದ್ರೆ ಆಮೇಲೆ ಗಿಡದ ಹತ್ರಾನೆ ಬಿಸಾಕ್ಬೋದು. ತೊಳೆಯೋ ತಾಪತ್ರಯಾನೂ ಇಲ್ಲ."

ಅವಳ ಮುಖದಲ್ಲಿ ಏನನ್ನಾದರೂ ಹುಡುಕಿದರು. ಸಿಟ್ಟಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಬತ್ತಿಯ ಮೇಣ ಬಟ್ಟೆಗೆ ಸೋರದಂತೆ ಸರಿಪಡಿಸುತ್ತಿದ್ದಳು.

ಮೇಷ್ಟ್ರು ಚಿಪ್ಪನ್ನು ಎತ್ತಿ ತುಟಿಗೆ ತಂದರು.

"ಅಯ್ಯೋ, ಬ್ಯಾಡ!" ಆರೋಗ್ಯಮ್ಮ ಅವರ ಕೈ ಹಿಡಿಯಲು ಬಂದು, ಹಿಡಿಯದೆ ನಿಂತಳು. "ಅದು ಕುಡಿಯೋ ನೀರಲ್ಲ. ಬಚ್ಚಲ ತೊಟ್ಟೀದು ತುಂಬ್ಸಿಟ್ಟಿದ್ದೆ. ಎಲ್ಡು ದಿನ ಆಗೈತೆ. ಚೆಲ್ಲೋದೇ ಅಲ್ವಾ ಅಂತ."

ಮಂಚದ ಮೇಲೆ ಜ್ಞಾನಮ್ಮನಿಗೆ ನಗು ಬಂತು. ಮೇಷ್ಟ್ರು ಚಿಪ್ಪು ಹಿಡಿದು ಹೊರಗೆ ಹೋದರು. ದಾಸವಾಳದ ಬುಡಕ್ಕೆ ಸುರಿದರು. ನೀರು ದಾರದಂತೆ ಇಳಿಯಿತು.

ಅಲ್ಲಿಂದ ನೇರವಾಗಿ ಫಾದರ್ ಬೆಂಜಮಿನ್ ಬಳಿಗೆ ಹೋದರು. ಫಾದರ್ ಚರ್ಚಿನ ಹಿಂದೆ ಟೊಮೇಟೊ ಗಿಡಗಳಿಗೆ ಕಡ್ಡಿ ಕಟ್ಟುತ್ತಿದ್ದರು. ಮೇಷ್ಟ್ರು ಎಲ್ಲವನ್ನೂ ಹೇಳಿದರು. ಟ್ಯಾಂಕು, ಕಾಫಿ ಕರೆಯ ಲೋಟ, ಅಜ್ಜಿಯ ಕೈ, ಚಿಪ್ಪು.

ಫಾದರ್ ದಾರವನ್ನು ಹಲ್ಲಿನಿಂದ ಕಡಿದರು. "ಇನ್ನಾಸಪ್ಪ, ಕುಡಿಯೋದು, ಚೆಲ್ಲೋದು, ಎರಡೂ ಪುಸ್ತಕದಲ್ಲಿದೆ. ಪುಸ್ತಕದಲ್ಲಿರೋದನ್ನ ತಪ್ಪು ಅಂತ ನಾನು ಹೆಂಗೆ ಹೇಳ್ಲಿ?"

"ಯಾಕೆ ಚೆಲ್ಲಿದೆ ಅನ್ನೋದು ಪುಸ್ತಕದಲ್ಲಿಲ್ಲ ಫಾದರ್."

"ಅದನ್ನ ಪಾಪನಿವೇದನೆಯಲ್ಲಿ ಹೇಳಿ, ಕ್ಷಮೆ ಸಿಗುತ್ತೆ. ಊರಲ್ಲಿ ಹೇಳಬೇಡಿ. ಇವ್ರನ್ನೆಲ್ಲಾ ಒಂದು ಜಮಖಾನದ ಮೇಲೆ ಕೂರ್ಸೋಕೆ ನನ್ನ ಹಿಂದಿನೋರು ಎಷ್ಟು ಒದ್ದಾಡಿದಾರೆ ಗೊತ್ತಾ? ನಾಡಿದ್ದು ಭಾನುವಾರ ಧರ್ಮಾಧ್ಯಕ್ಷರ ಪ್ರತಿನಿಧಿ ಬರ್ತಾರೆ. ನಿಮ್ಮ ಪರವಾಗಿ ಆರೋಗ್ಯಮ್ಮ ನಿಲ್ಲೋಕೆ ಒಪ್ಪಿದಾಳೆ. ಹೊಸ ಸೀರೆ ಉಟ್ಕೊಂಡು ಬರ್ತಾಳಂತೆ."

ಮೇಷ್ಟ್ರು ಸುಮ್ಮನಾದರು. ಸುಮ್ಮನಾಗಲು ಸಿಕ್ಕ ಕಾರಣ ಹಿತವಾಗಿಯೇ ಇತ್ತು ಎಂಬುದು ಅವರಿಗೆ ತಿಳಿಯದೆ ಇರಲಿಲ್ಲ.

ಭಾನುವಾರ ಚರ್ಚು ತುಂಬಿತ್ತು. ಬೆಂಗಳೂರಿನಿಂದ ಬಂದ ಪ್ರತಿನಿಧಿ ವಯಸ್ಸಾದ ಪಾದ್ರಿ, ಕನ್ನಡಕದ ಮೇಲಿಂದ ನೋಡಿ ಮಾತಾಡುತ್ತಿದ್ದರು. ಮೊದಲು ಅಂತೋಣಪ್ಪನದಾಯಿತು. ಅವನೂ ಭೇಟಿ ಕೊಡುತ್ತಿದ್ದ ಚಿಕ್ಕಮ್ಮನ ಮನೆಯ ಪರವಾಗಿ ಆಕೆಯ ಮಗ ಎದ್ದು "ಯೋಗ್ಯರು" ಎಂದ. ಅಂತೋಣಪ್ಪನ ಹೆಂಡತಿ ಮುಂದಿನ ಸಾಲಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಇನ್ನಾಸಪ್ಪ ಮೇಷ್ಟ್ರು ಪೀಠದ ಮುಂದೆ ನಿಂತರು. ಆರೋಗ್ಯಮ್ಮ ಹೆಂಗಸರ ನಡುವಿನಿಂದ ಎದ್ದು ಬಂದು ಅವರಿಗಿಂತ ಒಂದು ಹೆಜ್ಜೆ ಹಿಂದೆ ನಿಂತಳು. ಹಸಿರು ಸೀರೆಯ ಮಡಿಕೆಗಳು ಇನ್ನೂ ಬಿಟ್ಟಿರಲಿಲ್ಲ.

ಪ್ರತಿನಿಧಿ ವಿಧಿಯ ಪ್ರಶ್ನೆಯನ್ನು ಓದಿದರು. "ನಿಮ್ಮ ಮನೆಗೆ ಪ್ರಸಾದ ತಂದ ಈ ಸಹೋದರ ನಿಮ್ಮ ಮನೆಯವನಂತೆ ನಿಮ್ಮ ನಡುವೆ ಇದ್ದನೇ?"

ಆರೋಗ್ಯಮ್ಮ ಹೇಳಬೇಕಾದದ್ದು 'ಹೌದು, ಯೋಗ್ಯರು' ಎಂದು. ಫಾದರ್ ಹೇಳಿಕೊಟ್ಟಿದ್ದರು.

"ಬಂದವ್ರೆ ಸ್ವಾಮಿ," ಎಂದಳು. "ಪ್ರತಿ ವಾರ ಬಂದವ್ರೆ."

"ಸಂತೋಷ ಅಮ್ಮ. ನಿಮ್ಮ ಮನೆಯವನಂತೆ ಇದ್ದನೇ?"

"ಬಿಸ್ಲು ಮಳೆ ಅನ್ನದೆ ಬಂದವ್ರೆ. ಒಂದು ವಾರಾನೂ ತಪ್ಸಿಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಅವಳಿಗೆ ಹೇಳಲು ಬರುತ್ತಿಲ್ಲ, ಸಭೆಗೆ ಹೆದರಿದ್ದಾಳೆ ಎಂದು ಎಲ್ಲರಿಗೂ ಅನ್ನಿಸಿತು. ಪ್ರತಿನಿಧಿಯೂ ಮುಗುಳ್ನಕ್ಕು, ತಟ್ಟೆಯಿಂದ ಶಿಲುಬೆಯನ್ನು ಎತ್ತಿಕೊಂಡರು. ಮೇಷ್ಟ್ರಿಗೆ ಮಾತ್ರ ಅವಳ ಉಸಿರು ಕೇಳಿಸುತ್ತಿತ್ತು. ಅವಳು ಹೆದರಿರಲಿಲ್ಲ. ಪೀಠದ ಮುಂದೆ ಸುಳ್ಳು ಹೇಳದೆ, ಅವರಿಗೂ ಕೆಡುಕಾಗದಂತೆ, ಇರುವ ನಿಜದಲ್ಲಿ ಕೊಡಲು ಆಗುವಷ್ಟನ್ನು ಆರಿಸಿ ಕೊಡುತ್ತಿದ್ದಳು. ಅಂದರೆ ಅವರು ಯಾಕೆ ಚೆಲ್ಲುತ್ತಿದ್ದರೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಲೋಟವನ್ನು ಬೆಳ್ಳಿಯಂತೆ ತಿಕ್ಕಿದ ಮೊದಲ ವಾರದಿಂದಲೂ.

ಶಿಲುಬೆಯ ಪಿನ್ನು ಅಂಗಿಯ ಹತ್ತಿರ ಬಂದಾಗ ಮೇಷ್ಟ್ರು ಹಿಂದೆ ಸರಿದರು.

"ಸ್ವಾಮಿ, ಆಯಮ್ಮ ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ."

"ಏನಂದ್ರಿ?"

"ನಾನು ಹೋಗಿದ್ದು ನಿಜ. ಆ ಮನೆಯವನ ಹಾಗೆ ಇರಲಿಲ್ಲ. ಅವರ ಮನೆಯ ನೀರನ್ನ ಒಂದು ಸಲಾನೂ ಕುಡೀಲಿಲ್ಲ. ಈ ಸಲ ನನಗೆ ಬೇಡ."

ಮೆಲ್ಲಗೆ ಹೇಳಿದ್ದರಿಂದ ಅದು ಮುಂದಿನ ಸಾಲುಗಳಿಗೆ ಮಾತ್ರ ಕೇಳಿಸಿತು. ಕೇಳಿಸಿದವರು ಕೇಳಿಸದವರಿಗೆ ಹೇಳಲು ತೊಡಗಿದರು. ಸಿಸ್ಟರ್ ಫಿಲೋಮಿನ ತಲೆ ತಗ್ಗಿಸಿ, ಬೆರಳುಗಳನ್ನು ಒಂದರೊಳಗೊಂದು ಹೆಣೆದು ಬಿಗಿಹಿಡಿದರು. ಫಾದರ್ ಬೆಂಜಮಿನ್ ಗಾಯಕವೃಂದದ ಕಡೆ ಕೈ ಬೀಸಿದರು, ಹಾಡು ಶುರುವಾಯಿತು. ಮೇಷ್ಟ್ರು ಗಂಡಸರ ನಡುವೆ ಹೋಗಿ ಕೂತರು. ಪಕ್ಕದವರು ಜಾಗ ಮಾಡಿಕೊಟ್ಟರು, ಸ್ವಲ್ಪ ಹೆಚ್ಚೇ.

ಪೂಜೆ ಮುಗಿದ ಮೇಲೆ, ಮಾಡಿದ್ದರಲ್ಲಿ ಒಂದಾದರೂ ಸರಿಯಾಯಿತು ಎಂದುಕೊಳ್ಳುತ್ತಾ ಹೊರಗೆ ಬಂದರು. ಬೇವಿನ ಮರದ ಕೆಳಗೆ ಆರೋಗ್ಯಮ್ಮ ಕಾದಿದ್ದಳು.

"ಏನ್ ಕೆಲ್ಸ ಮಾಡ್ಬಿಟ್ರಿ ಮೇಷ್ಟ್ರೇ?"

"ನಿಜ ಹೇಳ್ದೆ ಆರೋಗ್ಯಮ್ಮ."

"ನಿಮ್ಮ ನಿಜ ನೀವಿಟ್ಕೊಳಿ. ನಮ್ಮನೆ ನೀರು ಕುಡಿಯಲ್ಲ ಅಂತ ಎಲ್ರ ಮುಂದೆ ಕೂಗಿ ಹೇಳುದ್ರಲ್ಲ, ಅದು ನಿಮ್ಮೊಬ್ರ ಮಾನವಾ? ಅಂತೋಣಪ್ಪನ ಹೆಂಡ್ತಿ ಅಂತಾಳೆ, ನಾನು ಬಾಯಿ ಬಿಡದೇ ಇದ್ದಿದ್ಕೆ ನಿಮ್ಗೆ ಶಿಲುಬೆ ತಪ್ತಂತೆ. ನಾನು ಮುಚ್ಕೊಂಡು ಬಂದಿದ್ದೆ. ನಿಮ್ಗೋಸ್ಕರಾನೂ ಮುಚ್ಕೊಂಡಿದ್ದೆ, ನಮ್ಗೋಸ್ಕರಾನೂ ಮುಚ್ಕೊಂಡಿದ್ದೆ. ಒಂದ್ ಮಾತು ಕೇಳ್ಬಾರ್ದಿತ್ತಾ ನನ್ನ?"

ಹಸಿರು ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು ಏರಿಯ ಕಡೆ ನಡೆದಳು. ಕೇಳಬಹುದಿತ್ತು. ಶುಕ್ರವಾರ ಫಾದರ್‌ಗೆ ಹೇಳಿದ್ದನ್ನು ಇನ್ನು ಯಾರಿಗೆ ಹೇಳಬೇಕೆಂದು ಅವರು ಮರುದಿನ ಶನಿವಾರವಿಡೀ ಯೋಚಿಸಿದ್ದರು. ಆ ಯೋಚನೆಯಲ್ಲಿ ಆರೋಗ್ಯಮ್ಮನ ಹೆಸರು ಬಂದೇ ಇರಲಿಲ್ಲ.

ಮುಂದಿನ ಶುಕ್ರವಾರ ಪ್ರಸಾದದ ಡಬ್ಬಿ ಅವರ ಬಳಿ ಇರಲಿಲ್ಲ. ತರಬೇತಿಯ ಅನುಮತಿ ಭಾನುವಾರಕ್ಕೆ ಮುಗಿದಿತ್ತು. ಶಾಲೆ ಬಿಟ್ಟ ಮೇಲೆ ಸೈಕಲ್ಲು ಏರಿಯ ಹತ್ತಿರ ಬಂದಾಗ ಎರಡು ಸಲ ನಿಂತರು. ಆಮೇಲೆ ಇಳಿದು, ತಳ್ಳಿಕೊಂಡೇ ಹೋದರು. ಬಾಗಿಲು ತೆರೆದಿತ್ತು. ಮೇಣದ ಬತ್ತಿಯಿಲ್ಲ, ಬಿಳಿ ಬಟ್ಟೆಯಿಲ್ಲ. ಆರೋಗ್ಯಮ್ಮ ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಅವರನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ.

"ಸ್ತೋತ್ರ ಮೇಷ್ಟ್ರೇ," ಎಂದು ವಂದಿಸಿದಳು ಜ್ಞಾನಮ್ಮ. "ಪ್ರಸಾದ ತಂದ್ರಾ?"

"ಇಲ್ಲಮ್ಮ. ನನಗೆ ಕೊಟ್ಟಿಲ್ಲ. ಬರೀ ಕೈಲಿ ಬಂದೆ."

"ಹಂಗಾದ್ರೆ ಯಾಕ್ ನಿಂತ್ಕೊಂಡಿದೀರಿ? ಕೂತ್ಕೊಳಿ."

ಅಷ್ಟು ತಿಂಗಳು ಬಂದಿದ್ದರೂ ಆ ಮನೆಯಲ್ಲಿ ಅವರು ಕೂತಿರಲಿಲ್ಲ. ಪ್ರಸಾದ ಹಿಡಿದವರು ಕೂರುವ ಹಾಗಿಲ್ಲ ಎಂಬ ಕಾರಣವಿತ್ತು. ಈಗ ಆ ಸ್ಟೂಲು ಎಲ್ಲಿದೆಯೆಂದು ಸುತ್ತ ನೋಡಿ, ಕಾಣದೆ, ನೆಲದ ಮೇಲೆ ಕೂತರು. ಜ್ಞಾನಮ್ಮ ದನದ ಬಗ್ಗೆ, ನಿಂತುಹೋದ ಮಳೆಯ ಬಗ್ಗೆ ಏನೋ ಹೇಳಿದಳು. ಹೂಂಗುಟ್ಟಿದರು.

"ಆರೋಗ್ಯಮ್ಮ, ಒಂಚೂರು ನೀರು ಕೊಡ್ತೀಯಾ?"

ಆರೋಗ್ಯಮ್ಮ ಎಣ್ಣೆಯ ಕೈಯನ್ನು ತನ್ನ ತಲೆಗೇ ಒರೆಸಿಕೊಂಡು ಎದ್ದಳು. ಒಳಗೆ ಹೋದಳು. ಕೊಡದ ಮುಚ್ಚಳ ತೆಗೆದ ಸದ್ದಾಯಿತು.

"ಕುಡಿಯೋಕಾ, ಚೆಲ್ಲೋಕಾ?" ಎಂದು ಒಳಗಿನಿಂದಲೇ ಕೇಳಿದಳು.

"ಕುಡಿಯೋಕೆ," ಎಂದರು ಮೇಷ್ಟ್ರು.

"ಏನಂದ್ರಿ?" ಎಂದಳು ಅವಳು, ಕೇಳಿಸಲಿಲ್ಲವೋ ಏನೋ. ಅವರು ಇನ್ನೊಮ್ಮೆ, ಜೋರಾಗಿ ಹೇಳಬೇಕಾಯಿತು.